ಅಜ್ಜಿಯ ಸುಣ್ಣದ ಡಬ್ಬಿ

ನುಂಗಿದ ಔಷಧಿ ಮೈಯೊಳಗೆ ಏನಾಗುತ್ತದೆ, ಯಾವ ರೂಪದಲ್ಲಿ ಹೊರಗೆ ಬರುತ್ತದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಅದು ಹೊರಗೆ ಬರುವ ದಾರಿ ಮೂತ್ರ. ಆದ್ದರಿಂದ ಮದರಾಸಿನ ಪ್ರಯೋಗಶಾಲೆಯಲ್ಲಿ ದಿನವಿಡೀ ಅದೇ ಸೀಸೆಗಳ ನಡುವೆ ಇರುತ್ತಿದ್ದೆ. ನಮ್ಮೂರು ಕೊಳ್ಳೇಗಾಲವೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ರಜೆಗೆ ಊರಿಗೆ ಬಂದರೆ ಸಾಕು, "ಉಚ್ಚೆ ಡಾಕ್ಟ್ರು ಬಂದ್ರು ಕಣ್ಲಾ" ಎಂದು ಜಗಲಿ ಮೇಲಿದ್ದವರು ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಮ್ಮೆಯೂ ನಕ್ಕು ಸುಮ್ಮನಾದವನಲ್ಲ.

ಅಂಥದೊಂದು ರಜೆಯಲ್ಲಿ ಹನೂರಿನಿಂದ ತಂಗಿ ಹೇಳಿಕಳಿಸಿದಳು: ಕೂಸಿನ ಉಚ್ಚೆ ಕರ್ರಗಾಗುತ್ತಿದೆ, ಬೇಗ ಬಾ. ಅವಳನ್ನು ಕೊಟ್ಟಿದ್ದು ನಮ್ಮ ಸೋದರಮಾವನಿಗೇ. ಹಾಗಾಗಿ ಅವಳ ಅತ್ತೆ ಎಂದರೆ ನಮ್ಮವ್ವನ ತಾಯಿ, ನಮ್ಮಜ್ಜಿಯೇ.

ನಾನು ಹೋದಾಗ ಅಜ್ಜಿ ಕೂಸನ್ನು ತೊಡೆಯ ಮೇಲೆ ಕೆಡವಿಕೊಂಡು ಒಳಲೆಯಲ್ಲಿ ಕ್ವಿನೈನ್ ಹುಯ್ಯುತ್ತಿದ್ದಳು. ಮುಟ್ಟಿ ನೋಡಿದೆ, ಮೈ ಬಿಸಿಯೇ ಇರಲಿಲ್ಲ.

"ಒಳಜ್ವರ ಕಣ್ಲಾ. ರಾಮಾಪುರಕ್ಕೆ ಎತ್ಕಂಡ್ ಓಗಿದ್ರು, ಕಾಡ್ ಜ್ವರ ಅಂಟ್ಕಂಡದೆ. ಕಾಂಪೌಂಡ್ರೇ ಯೋಳವ್ರೆ" ಎಂದಳು ಅಜ್ಜಿ.

ಕೂಸು ಅರಚಿ ಅರಚಿ ಕಕ್ಕಿತು. ಕ್ವಿನೈನ್ ಶುರುವಾಗಿ ನಾಲ್ಕು ದಿನ, ಅಷ್ಟೂ ದಿನ ಸರಿಯಾಗಿ ಹಾಲು ಕುಡಿದಿರಲಿಲ್ಲ. ತಂಗಿ ನನ್ನನ್ನು ಹಿತ್ತಲಿಗೆ ಕರೆದು, "ಅಣ್ಣ, ಉಳೀತದಾ?" ಎಂದಳು. ನನಗೆ ಗೊತ್ತಿರಲಿಲ್ಲ. ಕಾಡುಜ್ವರದಲ್ಲಿ, ಎಂದರೆ ಮಲೇರಿಯಾದಲ್ಲಿ, ಮೂತ್ರ ಕಪ್ಪಾದರೆ ದೊಡ್ಡವರೇ ಉಳಿಯುವುದು ಕಷ್ಟ. ನಿಜಕ್ಕೂ ಹೆದರಿದ್ದೆ.

ಕೂಸಿನ ಬಟ್ಟೆಗಳನ್ನು ತರಿಸಿದೆ. ಒಗೆದವುಗಳ ಮೇಲೆ ಮಸಿ ಒರೆಸಿದಂಥ ಕಲೆ. ಆಗಷ್ಟೇ ಒದ್ದೆಯಾಗಿದ್ದು ಮಾತ್ರ ಎಲ್ಲ ಮಕ್ಕಳದರಂತೆಯೇ ಇತ್ತು.

"ಯಾವಾಗ ಕಪ್ಪಾಗೋದು?"

"ಚೌಳುಮಣ್ಣಿನ ನೀರಲ್ಲಿ ನೆನೆ ಆಕ್ದಾಗ" ಎಂದಳು ತಂಗಿ.

ಬಾಣಂತನ ನಮ್ಮ ಮನೆಯಲ್ಲಾಗಿತ್ತು. ಅವ್ವ ಅಂಟುವಾಳಕಾಯಿಯಲ್ಲಿ ಒಗೆಯುತ್ತಿದ್ದಳು, ಅಲ್ಲಿ ಈ ಕಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಚೌಳು ಎಂದರೆ ಕ್ಷಾರ. ಪುಸ್ತಕದಲ್ಲಿ ಮಾತ್ರ ಓದಿದ್ದ ಒಂದು ಹುಟ್ಟುದೋಷ ನೆನಪಾಯಿತು. ತಿಂದದ್ದರಲ್ಲಿ ಒಂದು ಅಂಶವನ್ನು ಪೂರ್ತಿ ಅರಗಿಸಲಾರದೆ ಮೈ ಅದನ್ನು ಅರ್ಧಕ್ಕೇ ಹೊರಹಾಕುತ್ತದೆ. ಕ್ಷಾರವೂ ಗಾಳಿಯೂ ತಗುಲಿದರೆ ಅದು ಕಪ್ಪಾಗುತ್ತದೆ. ಅದೇ ಆಗಿದ್ದರೆ ಕೂಸಿನ ಜೀವಕ್ಕೆ ಭಯವಿಲ್ಲ, ಕ್ವಿನೈನೂ ಬೇಕಿಲ್ಲ. ಆದರೆ ಅಜ್ಜಿಗೆ ಇದನ್ನು ಬಾಯಲ್ಲಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಸುಣ್ಣವೂ ಕ್ಷಾರವೇ. ಅವಳ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಸುಣ್ಣ ಕದಡಿ ತಿಳಿನೀರು ಬಸಿದೆ. ಜಗಲಿಯ ಮೇಲೆ ಎರಡು ಸೀಸೆ ಇಟ್ಟು, ಒಂದಕ್ಕೆ ಕೂಸಿನದು, ಇನ್ನೊಂದಕ್ಕೆ ಆರೋಗ್ಯವಾಗಿರುವವರದು ಬೇಕು, ನನ್ನದೇ ಹಾಕುತ್ತೇನೆ ಎಂದೆ.

"ನಿಂದ್ಯಾಕ್ಲಾ, ಪಟ್ಣದ ನಲ್ಲಿ ನೀರ್ ಕುಡ್ದೋನು? ನಂದು ತಕೋ. ಎಪ್ಪತ್ತಾಯ್ತು, ಒಂದಿನ ಕಾಯ್ಲೆ ಅಂತ ಮಲಗಿಲ್ಲ" ಎಂದು ಅಜ್ಜಿ ಸೀಸೆ ಕಸಿದುಕೊಂಡು ಹಿತ್ತಲಿಗೆ ನಡೆದಳು.

ಎರಡಕ್ಕೂ ಸುಣ್ಣದ ತಿಳಿ ಹಾಕಿ ಕುಲುಕಿದೆ. ಕೂಸಿನದು ಮೇಲಿನಿಂದ ಕಂದಾಗುತ್ತಾ ಬಂದು ಕಪ್ಪಾಯಿತು. ಅಜ್ಜಿಯದೂ ಹಾಗೇ ಕಪ್ಪಾಯಿತು.

ಸುಣ್ಣದಲ್ಲೇ ಏನೋ ಕೊಳೆಯಿದೆ ಎಂದುಕೊಂಡು ಮೂರನೆಯ ಸೀಸೆಗೆ ನನ್ನದು ಹಾಕಿ ಅದೇ ತಿಳಿ ಬೆರೆಸಿದೆ. ಅದು ಹಾಗೇ ಉಳಿಯಿತು. ಆಗ ಅಜ್ಜಿಯ ಮುಖ ನೋಡಿದೆ. ಅವಳ ಕಿವಿ ನೀಲಿಗಪ್ಪು. ಭಾರದ ಓಲೆ ಹಾಕಿ ಹಾಕಿ ಹಾಗಾಗಿದೆ ಎಂದು ಚಿಕ್ಕಂದಿನಿಂದ ನಂಬಿದ್ದೆ. ಬೆನ್ನು ಬಾಗಿದ್ದು ಸೌದೆ ಹೊತ್ತು ಎಂದು ನಂಬಿದ್ದೆ. ಎರಡೂ ಆ ದೋಷದ ಗುರುತುಗಳೆಂದು ಪುಸ್ತಕದಲ್ಲಿದ್ದವು. ಬಯಲಿಗೆ ಹೋಗುವವಳ ಮೂತ್ರದ ಬಣ್ಣವನ್ನು ಇಷ್ಟು ವರ್ಷ ಯಾರು ನೋಡಿರುತ್ತಾರೆ? ಆಮೇಲೆ ನನ್ನ ಸಂಶೋಧನೆ ಔಷಧಿ ಬಿಟ್ಟು ಇಂಥ ಹುಟ್ಟುದೋಷಗಳ ಕಡೆಗೆ ತಿರುಗಿದ್ದು ಆ ಜಗಲಿಯಿಂದಲೇ.

"ನಿನ್ನಿಂದಲೇ ಬಂದಿದೆ ಅಜ್ಜಿ, ಮಗನ ಕಡೆಯಿಂದಲೂ ಮೊಮ್ಮಗಳ ಕಡೆಯಿಂದಲೂ" ಎಂದೆ, ಎಲ್ಲವನ್ನೂ ಬಿಡಿಸಿ ಹೇಳಿದೆ.

ಅಜ್ಜಿ ಮೂರು ಸೀಸೆಗಳನ್ನೂ ಇನ್ನೊಮ್ಮೆ ನೋಡಿದಳು. ಎದ್ದು ಹೋಗಿ ಕ್ವಿನೈನನ್ನು ತಿಪ್ಪೆಗೆ ಸುರಿದು ಬಂದಳು.

"ಅಂಗಾರೆ ನನ್ ಕೂಸಿಗೆ ಮುಂದೆ ಏನಾಯ್ತದಜ್ಜಿ?" ತಂಗಿ ಕೇಳಿದಳು.

"ಏನಾಯ್ತದೆ? ನನ್ನಂಗೇ ಬೆನ್ ಬಗ್ಗುಸ್ಕಂಡು, ಸೊಸೆದೀರ್ನ ಬಯ್ಕಂಡು, ಎಪ್ಪತ್ ವರ್ಸ ಬದುಕ್ತದೆ. ಎತ್ಕಂಡು ಆಲು ಕುಡ್ಸು ಓಗು."