ಬಾಯಾರ ಹಾಡುಗಳಿಗೊಂದು ಮದರ್‌ಬೋರ್ಡ್

೨೦೦೭ನೆಯ ಇಸವಿ. ಹುಬ್ಬಳ್ಳಿಯಲ್ಲಿ ನನ್ನದೊಂದು ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ. ಎದುರಿಗೇ ಇಕ್ಬಾಲನ ಅಂಗಡಿ. ಇಬ್ಬರೂ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು, ಒಂದೇ ಡಬ್ಬಿಯ ರೊಟ್ಟಿ ತಿಂದವರು. ಆದರೂ ಅವನ ಅಂಗಡಿಯ ಮುಂದೆ ನಿಂತ ಸ್ಕೂಟರುಗಳನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು. ನನಗಿಂತ ಹೆಚ್ಚು ತಿಳಿದವನೇನಲ್ಲ. ನಗುನಗುತ್ತ ಮಾತಾಡುತ್ತಿದ್ದ, ಅಷ್ಟೇ. ಆ ನಗುವೇ ನನಗಾಗುತ್ತಿರಲಿಲ್ಲ.

ಆ ವರ್ಷ ಧಾರವಾಡದಲ್ಲಿ ಸಂಗೀತ ಕಲಿಸುವ ಮಾಲತಿಬಾಯಿಯವರು, ಎಲ್ಲರ ಬಾಯಲ್ಲಿ ‘ಬಾಯಾರು’, ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ಅವರ ಗುರುಗಳು ಮನೆಯ ಬೈಠಕ್‌ಗಳಲ್ಲಿ ಹಾಡಿದ್ದೆಲ್ಲ ಕ್ಯಾಸೆಟ್ಟುಗಳಲ್ಲಿತ್ತು. ಅವಕ್ಕೆ ಬೂಷ್ಟು ಹಿಡಿಯತೊಡಗಿದಾಗ ಶಿಷ್ಯರು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿದ್ದರು. ಇಳಿಸುವಾಗಲೇ ಎಷ್ಟೋ ಟೇಪುಗಳು ತುಂಡಾಗಿದ್ದವು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಅವನ್ನೆಲ್ಲ ಮನೆಯಲ್ಲೇ ಕಾಯುವ ಸ್ಟೋರೇಜ್ ಸರ್ವರ್, ಅಂದರೆ ಹಗಲಿರುಳು ನಡೆಯುವ, ನಾಲ್ಕು ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರ್ ಬೇಕಾಗಿತ್ತು. ಮನೆಗೆಂದು ಅಂಥದ್ದನ್ನು ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ನನಗೂ ಅದು ಮೊದಲನೆಯದು, ಅವನಿಗೂ.

ನಾನು ಹುಡುಕಿ ಹುಡುಕಿ ಒಂದು ಸರ್ವರ್ ಮದರ್‌ಬೋರ್ಡ್ ಆರಿಸಿದೆ. ನೋಡಲು ಬರೀ ಹಸಿರು ಹಲಗೆ. ಆದರೆ ಅದಕ್ಕೆ ಇಸಿಸಿ ಮೆಮೊರಿ ಹಾಕಬಹುದಿತ್ತು. ಮೆಮೊರಿಯಲ್ಲಿ ಸಣ್ಣ ತಪ್ಪು ನುಸುಳಿದರೆ ತಾನೇ ತಿದ್ದಿಕೊಳ್ಳುವಂಥದ್ದು ಅದು. ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ, ಒಂದು ಕೆಟ್ಟರೂ ಮಾಹಿತಿ ಉಳಿಸುವ ‘ರೇಡ್’ ವ್ಯವಸ್ಥೆಗೆ ಬೇರೆ ಕಾರ್ಡೇ ಬೇಕೆಂದೆ. ಇಕ್ಬಾಲ್ ತಂದದ್ದು ಗೇಮ್ ಆಡುವವರ ಬೋರ್ಡ್. ತಾಮ್ರದ ಪೈಪು, ನೀಲಿ ದೀಪ. ರೇಡ್ ಬೋರ್ಡಿನೊಳಗೇ ಇತ್ತು, ಸೌಂಡ್ ಕೂಡ.

ಬಾಯಾರು ಕನ್ನಡಕ ಏರಿಸಿ ನನ್ನ ಬೋರ್ಡನ್ನು ತಿರುಗಿಸಿ ನೋಡಿದರು.

“ಬಸವರಾಜ, ಇದರಾಗ ಸ್ಪೀಕರ್ ವೈರ್ ಎಲ್ಲಿ ಚುಚ್ಚೂದು?”

“ಸರ್ವರ್ ಬೋರ್ಡಿಗೆ ಸೌಂಡ್ ಇರೂದಿಲ್ರಿ ಬಾಯಾರ.”

“ಅಯ್ಯ! ಹಾಡ ಇಡೂ ಪೆಟಿಗಿಗೆ ದನೀನ ಇಲ್ಲೇನು?”

ಅಲ್ಲಿಗೆ ನನ್ನ ಕಥೆ ಮುಗಿಯಿತು, ಕೆಲಸ ಇಕ್ಬಾಲನ ಪಾಲಾಯಿತು. “ಬೋರ್ಡಿನ ರೇಡ್ ನಂಬಬ್ಯಾಡ್ರಿ, ಸೆಟ್ಟಿಂಗ್ ಹೋತಂದ್ರ ಡಿಸ್ಕಿನ ಗುರ್ತ ಹತ್ತೂದಿಲ್ಲ” ಎಂದು ಬಡಕೊಂಡೆ. ಯಾರು ಕೇಳಬೇಕು? ಹೊರಗೆ ಬಂದಾಗ ಇಕ್ಬಾಲ್ ಚಹಾ ಕುಡಿಯೋಣ ಬಾ ಎಂದ. ಅವನ ಚಹಾ ನನಗೆ ವಿಷ! ಹುಬ್ಬಳ್ಳಿಯ ತನಕ ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಬಂದೆ. ಆ ಸರ್ವರ್ ಕೆಡಲಿ ಎಂದು ನಾನು ಬಯಸಲಿಲ್ಲ. ಹಾಡುಗಳು ಯಾವ ಪಾಪ ಮಾಡಿದ್ದವು? ಇಕ್ಬಾಲ್ ಕೆಡಲಿ ಎಂದಷ್ಟೇ ಬಯಸಿದೆ.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಬಾಯಾರ ಶಿಷ್ಯರೆಲ್ಲ ಇಕ್ಬಾಲನ ಗಿರಾಕಿಗಳಾದರು. ಆಮೇಲೆ ದಸರಾ ಬಂತು. ಖಂಡೇ ಪೂಜೆಯ ದಿನ ನಮ್ಮ ಕಡೆ ಕತ್ತರಿಯಿಂದ ಹಿಡಿದು ಲಾರಿಯ ತನಕ ಎಲ್ಲಕ್ಕೂ ಪೂಜೆ. ಬಾಯಾರು ತಂಬೂರಿ, ತಬಲಾಗಳ ಸಾಲಿನಲ್ಲಿ ಸರ್ವರ್ ಪೆಟ್ಟಿಗೆಯನ್ನೂ ಇಡಿಸಿದರು. ಅದರ ವೈರೆಲ್ಲ ಕಿತ್ತು, ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದರು. ಮರುದಿನ ಜೋಡಿಸಿದರೆ ಒಂದು ಹಾಡೂ ಇಲ್ಲ.

ಬಾಯಾರ ಫೋನ್ ಬಂದಾಗ, ಸುಳ್ಳೇಕೆ, ನನಗೆ ಹೋಳಿಗೆ ಉಂಡಷ್ಟು ಖುಷಿಯಾಯಿತು. ಇಕ್ಬಾಲನ ಮುಖ ಹೇಗಾಗಿದೆಯೋ ನೋಡಬೇಕೆಂದೇ ಧಾರವಾಡದ ಬಸ್ ಹಿಡಿದೆ. ಹೋಗಿ ನೋಡಿದರೆ ಬಾಯಾರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಡಿಸ್ಕುಗಳನ್ನು ಇನಿಷಿಯಲೈಸ್ ಮಾಡಲೇ ಎಂಬ ಪ್ರಶ್ನೆ ಪರದೆಯ ಮೇಲಿತ್ತು. ಹೌದೆಂದು ಒತ್ತಿದರೆ ಕಂಪ್ಯೂಟರ್ ಅವನ್ನು ಖಾಲಿ ಡಿಸ್ಕೆಂದೇ ತಿಳಿದು ಹೊಸದಾಗಿ ಬರೆಯತೊಡಗುತ್ತದೆ. ಇಕ್ಬಾಲ್ ಅದರ ಎದುರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಬಸ್ಯಾ, ನೀ ಅಂದಿದ್ದು ಖರೇ ಆತಪಾ. ಇದನ್ನ ಒತ್ತಾಕ ನನಗ ಧೈರ್ಯ ಆಗಲಿಲ್ಲ. ‘ಬಸ್ಯಾನ್ನ ಕರೀರಿ, ಇದು ಅವಂಗ ಗೊತ್ತೈತಿ’ ಅಂತ ನಾನ ಬಾಯಾರಿಗೆ ಹೇಳಿದೆ.”

ನಾನು ಪೆಟ್ಟಿಗೆ ಬಿಚ್ಚಿದೆ. ಬೋರ್ಡಿನ ಮೇಲಿನ, ಅಂಗಿಯ ಗುಂಡಿಯಂಥ ಬ್ಯಾಟರಿ ಸತ್ತಿತ್ತು. ಆ ಬೋರ್ಡ್ ಎಷ್ಟು ಕಾಲ ಗೋದಾಮಿನಲ್ಲಿ ಬಿದ್ದಿತ್ತೋ ಏನೋ. ಕರೆಂಟ್ ಇರುವ ತನಕ ಅದು ತಿಳಿಯಲಿಲ್ಲ. ಪೂಜೆಗೆಂದು ಪ್ಲಗ್ ಕಿತ್ತ ಕೂಡಲೇ ಬೋರ್ಡ್ ತನ್ನ ಸೆಟ್ಟಿಂಗ್ ಮರೆತಿತ್ತು. ಹೊಸ ಬ್ಯಾಟರಿ ಹಾಕಿ, ರೇಡ್ ಸೆಟ್ಟಿಂಗ್ ಮತ್ತೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಗುರುಗಳ ದನಿ ಬಂತು. ಬಾಯಾರು ಎದ್ದು ಸ್ಪೀಕರಿಗೆ ಕೈ ಮುಗಿದರು.

ಮೊದಲು ಎಲ್ಲ ಹಾಡುಗಳನ್ನೂ ಬೇರೊಂದು ಡಿಸ್ಕಿಗೆ ಇಳಿಸಿಟ್ಟು, ಆಮೇಲೆ ಇಬ್ಬರೂ ಸೇರಿ ನನ್ನ ಹಸಿರು ಬೋರ್ಡನ್ನು ಕೂಡಿಸಿದೆವು. ದನಿಗೆಂದು ಒಂದು ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ಚುಚ್ಚಿದೆವು. ಲೆಕ್ಕಕ್ಕೆ ಗೆದ್ದವನು ನಾನೇ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಡಿಸ್ಕ್ ಕಾಣದಿದ್ದರೆ ಮೊದಲು ಕೀಬೋರ್ಡಿನಿಂದ ಕೈ ತೆಗೆಯಬೇಕು, ಆಮೇಲೆ ತಿಳಿದವನನ್ನು ಕರೆಯಬೇಕು, ಅವನು ಎದುರಂಗಡಿಯವನಾದರೂ ಸೈ. ಮೊದಲನೆಯದು ನನಗೆ ಮೊದಲೇ ಗೊತ್ತಿತ್ತು. ಆದರೆ ಇಕ್ಬಾಲನ ಜಾಗದಲ್ಲಿ ನಾನಿದ್ದರೆ ಅವನನ್ನು ಕರೆಸುತ್ತಿದ್ದೆನೇ? ಪ್ರಾಣ ಹೋದರೂ ಇಲ್ಲ. ಅವನ ಗಿರಾಕಿಗಳನ್ನು ಕಂಡು ಉರಿಯುತ್ತಿದ್ದ ಹೊಟ್ಟೆ ಅಂದೇ ತಣ್ಣಗಾಯಿತು. ಗಿರಾಕಿಯ ಎದುರಿಗೇ ‘ಬಸ್ಯಾನ್ನ ಕರೀರಿ’ ಎಂಬ ಮಾತನ್ನು ಅಷ್ಟು ಸಲೀಸಾಗಿ ಆಡಿಬಿಟ್ಟನಲ್ಲ, ಆ ಹೊಟ್ಟೆಕಿಚ್ಚು ಮಾತ್ರ ಇನ್ನೂ ಆರಿಲ್ಲ.