ಹದಿನಾಲ್ಕು ಮೀಟರ್ ರಸ್ತೆ, ಒಂಬತ್ತು ಸೆಕೆಂಡ್ ಹಸಿರು

ಟೇಪಕ್ಕನ ಕುತ್ತಿಗೆಯಿಂದ ಅಳತೆಯ ಟೇಪು ಇಳಿಯುತ್ತಿದ್ದದ್ದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ. ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ದಪ್ಪಗಾದವರ ಪ್ಯಾಂಟು ಬಿಚ್ಚಿ ಸಡಿಲ ಮಾಡುವುದು, ಸೊರಗಿದವರ ಕೋಟು ಹಿಡಿದು ಬಿಗಿ ಮಾಡುವುದು, ಹಲ್ಲು ಕಿತ್ತ ಜಿಪ್ ಬದಲಿಸುವುದು, ಮೂವತ್ತು ವರ್ಷದಿಂದ ಇದೇ ಕೆಲಸ. ಮುಖ್ಯರಸ್ತೆಯ ಆಚೆ ಬದಿಗೆ ಒಂದು ಮಂಚ ಹಿಡಿಯುವಷ್ಟು ಅಂಗಡಿ, ಈಚೆ ಬದಿಗೆ ಮನೆ. ಗಂಡ ತೀರಿಕೊಂಡ ಮೇಲೆ ಗಂಡನ ತಂಗಿಯೂ ಅವರ ಜೊತೆಗೇ ಬಂದು ನೆಲೆಸಿದ್ದಳು. ದಿನಕ್ಕೊಂದು ಸಲ ಜಗಳ ಆಡದಿದ್ದರೆ ಅತ್ತಿಗೆ ನಾದಿನಿ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆಂದು ಅಂಗಡಿ ಮುಚ್ಚಿ, ಮನೆಯಲ್ಲಿ ಮುಗಿಸಬೇಕಿದ್ದ ಎರಡು ಕೋಟುಗಳನ್ನು ತೋಳಿನ ಮೇಲೆ ಹಾಕಿಕೊಂಡು ಟೇಪಕ್ಕ ಜೀಬ್ರಾ ಪಟ್ಟೆಯ ಮೇಲೆ ರಸ್ತೆ ದಾಟುತ್ತಿದ್ದರು. ಹಾಸಿಗೆ ಸಾಗಿಸುವ ವ್ಯಾನೊಂದು ಅವರನ್ನು ಹೊಡೆದು ಬೀಳಿಸಿತು. ಬಲಗಾಲು ಮಂಡಿಯ ಕೆಳಗೆ ಎರಡು ಕಡೆ ಮುರಿಯಿತು. ಮಷಿನ್ ತುಳಿಯುವ ಕಾಲು ಅದು. ಪ್ಲೇಟು, ಸ್ಕ್ರೂ, ಮೂರು ವಾರ ಆಸ್ಪತ್ರೆ, ಆಮೇಲೆ ಮನೆಯ ಕಿಟಕಿ ಪಕ್ಕದ ಕುರ್ಚಿ.

ಮೂರನೆಯ ತಿಂಗಳು ವ್ಯಾನಿನ ವಿಮಾ ಕಂಪನಿಯವನು ಬಂದ. ಮಾತು ಬೆಣ್ಣೆಯಂತಿತ್ತು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ, ತಪ್ಪು ನಿಮ್ದೇ. ನಡ್ಕೊಂಡು ದಾಟೋರಿಗೆ ಕೆಂಪು ದೀಪ ಇದ್ದಾಗ ನೀವು ರಸ್ತೆ ಮಧ್ಯೆ ಇದ್ರಿ, ಕ್ಯಾಮೆರಾದಲ್ಲಿ ಬಂದಿದೆ. ಆದ್ರೂ ಮನುಷ್ಯತ್ವ ಅಂತ ಒಂದಿದೆಯಲ್ಲ, ಆಸ್ಪತ್ರೆ ಬಿಲ್ಲಲ್ಲಿ ಕಾಲು ಭಾಗ ಕೊಡ್ತೀವಿ. ಇಲ್ಲೊಂದು ಸೈನ್ ಹಾಕ್ಬಿಡಿ."

"ಮುರಿದಿದ್ದು ಇಡೀ ಕಾಲು, ಕೊಡೋದು ಬರೀ ಕಾಲು ಭಾಗನಾ?" ಎಂದಳು ನಾದಿನಿ ಬಾಗಿಲಲ್ಲೇ ನಿಂತು.

ಟೇಪಕ್ಕನಿಗೆ ನಗು ಬರಲಿಲ್ಲ. ಯಾಕೆಂದರೆ ಅವನು ಹೇಳಿದ ಕೆಂಪು ದೀಪ ಅವರಿಗೂ ನೆನಪಿತ್ತು. ನೆಲಕ್ಕೆ ಬೀಳುವ ಮೊದಲು ಕಂಡ ಕೊನೆಯ ವಸ್ತು ಅದೇ. ನೋಡದೆ ನುಗ್ಗಿಬಿಟ್ಟೆನೇನೋ, ನನ್ನಿಂದಾಗಿ ಆ ಡ್ರೈವರನ ಕೆಲಸವೂ ಹೋಯಿತೇನೋ ಎಂದು ಮೂರು ತಿಂಗಳಿಂದ ಒಳಗೊಳಗೇ ಬೇಯುತ್ತಿದ್ದರು. ಯಾರಿಗೂ ಹೇಳಿರಲಿಲ್ಲ. ಪೆನ್ನಿಗೆ ಕೈ ಚಾಚಿದರು.

ನಾದಿನಿ ಕಾಗದ ಕಿತ್ತುಕೊಂಡಳು. "ಓದದೆ ನಾವು ಹಾಲಿನ ಚೀಟಿಗೂ ಸೈನ್ ಹಾಕಲ್ಲ. ಮುಂದಿನ ವಾರ ಬನ್ನಿ."

ಅವನು ಹೋದ ಎರಡನೆಯ ದಿನ, ಅಪಘಾತದ ದಿನ ಟೇಪಕ್ಕನ ತೋಳಿನ ಮೇಲಿದ್ದ ಕೋಟುಗಳಲ್ಲೊಂದರ ಒಡತಿ ಮನೆಗೆ ಬಂದಳು. ಅವಳು ವಕೀಲೆ, ಹಳೆಯ ಗಿರಾಕಿ. ಕೋಟಿನ ನೆಪದಲ್ಲಿ ಟೇಪಕ್ಕನನ್ನು ನೋಡಿ ಹೋಗಲು ಬಂದವಳು ಮೇಜಿನ ಮೇಲಿದ್ದ ಕಾಗದ ಓದಿ ಹುಬ್ಬು ಗಂಟಿಕ್ಕಿದಳು.

"ಇದಕ್ಕೆ ಸೈನ್ ಹಾಕಿದ್ರೆ, ನಾಳೆ ಕಾಲಲ್ಲಿರೋ ಸ್ಕ್ರೂ ಸಡಿಲ ಆದ್ರೂ ನೀವು ಬಾಯಿ ಬಿಡೋ ಹಾಗಿಲ್ಲ. ಅಕ್ಕ, ರಸ್ತೆಗೆ ಮೊದಲ ಹೆಜ್ಜೆ ಇಟ್ಟಾಗ ಯಾವ ದೀಪ ಇತ್ತು?"

"ಹಸಿರು."

"ಖಂಡಿತಾನಾ?"

"ಹಸಿರು ಬರ್ಲಿ ಅಂತ ಕಾದು ಕಾದು ಕೋಟಿನ ತೂಕಕ್ಕೆ ತೋಳು ನೋಯ್ತಿತ್ತು. ಬಂದ ತಕ್ಷಣ ಹೊರಟೆ. ಆದ್ರೆ ಮಧ್ಯಕ್ಕೆ ಬರೋದ್ರೊಳಗೆ ಕೆಂಪು..."

ವಕೀಲೆ ಕಾಗದವನ್ನು ಮಡಚಿಟ್ಟು, "ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗೋಣ" ಎಂದಳು.

ಭಾನುವಾರ ಮೂವರೂ ಹೋದರು. ವಾಕರ್ ಹಿಡಿದಿದ್ದ ಟೇಪಕ್ಕ ಆ ಬಿಳಿ ಪಟ್ಟೆಗಳು ಕಾಣುತ್ತಲೇ ನಿಂತುಬಿಟ್ಟರು. ಅವರನ್ನು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂರಿಸಿ, ಅವರ ಕುತ್ತಿಗೆಯಲ್ಲಿದ್ದ ಟೇಪನ್ನೇ ತೆಗೆದುಕೊಂಡು ವಕೀಲೆಯೂ ನಾದಿನಿಯೂ ರಸ್ತೆ ಅಳೆಯಲು ಇಳಿದರು. ಟೇಪು ಒಂದೂವರೆ ಮೀಟರಿನದು. ಪ್ರತಿ ಹಸಿರಿಗೆ ಎರಡು ಅಳತೆ, ಬಟ್ಟೆ ಗುರುತಿನ ಸೀಮೆಸುಣ್ಣದಲ್ಲಿ ಒಂದು ಗೀಟು, ಮತ್ತೆ ಓಡಿ ಫುಟ್‌ಪಾತ್ ಹತ್ತುವುದು. ಕಾರಿನವರು ಕುತ್ತಿಗೆ ಹೊರಚಾಚಿ ನೋಡುತ್ತಿದ್ದರು.

"ಎಳೀಬೇಡ್ರೇ, ಟೇಪು ಹಿಗ್ಗತ್ತೆ!" ಎಂದು ಬೆಂಚಿನಿಂದ ಟೇಪಕ್ಕ ಕೂಗಿದರು. "ಸೊಟ್ಟ ಹಿಡಿದಿದ್ದೀಯ, ನೇರ ಹಿಡಿ!"

"ಇವಳ ಕಾಲು ಮುರಿದರೂ ನಾಲಿಗೆ ಗಟ್ಟಿಯಾಗೇ ಇದೆ" ಎಂದು ನಾದಿನಿ ರಸ್ತೆ ಮಧ್ಯದಿಂದಲೇ ಗೊಣಗಿದಳು.

ಒಂಬತ್ತು ಟೇಪು, ಮೇಲೆ ಎರಡು ಗೇಣು ಚಿಲ್ಲರೆ. ಹದಿನಾಲ್ಕು ಮೀಟರ್. ಆಮೇಲೆ ವಕೀಲೆ ಫೋನಿನಲ್ಲಿ ಹೊತ್ತು ಲೆಕ್ಕಹಾಕಿದಳು. ಹಸಿರು ಇದ್ದದ್ದು ಒಂಬತ್ತೇ ಸೆಕೆಂಡು. ಮತ್ತೆ ಮತ್ತೆ ನೋಡಿದರೂ ಒಂಬತ್ತು. ನಾದಿನಿ ತನ್ನ ಎಂದಿನ ನಡಿಗೆಯಲ್ಲಿ ದಾಟಲು ಹದಿಮೂರು ಸೆಕೆಂಡು ಬೇಕಾಯಿತು. ಕೋಲೂರಿಕೊಂಡು ಬಂದ ಮುದುಕರೊಬ್ಬರಿಗೆ ಇಪ್ಪತ್ತೆರಡು. ಹಸಿರಿಗೆ ಹೊರಟ ಯಾರೇ ಆಗಲಿ, ಓಡದಿದ್ದರೆ ಕೆಂಪು ಬಂದಾಗ ರಸ್ತೆಯಲ್ಲೇ ಇರಬೇಕಿತ್ತು.

"ಹಾಗಾದ್ರೆ ನಾನು ನುಗ್ಗಿದ್ದಲ್ವಾ?" ಟೇಪಕ್ಕ ಕೇಳಿದರು.

"ಇಲ್ಲ ಅಕ್ಕ. ಹಸಿರಿಗೆ ಹೊರಟವರು ಆಚೆ ದಡ ಮುಟ್ಟೋ ತನಕ ಗಾಡಿಯವರು ಕಾಯಬೇಕು. ಕಾನೂನೂ ಹೇಳೋದು ಅದನ್ನೇ. ನೀವು ಸರಿಯಾಗೇ ದಾಟ್ತಿದ್ರಿ."

ಟೇಪಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಆಸ್ಪತ್ರೆಯಲ್ಲಿ ಒಂದು ಹನಿಯನ್ನೂ ಹಾಕದವರು, ಬಸ್ಸಿಗೆ ಕಾಯುವವರೆಲ್ಲ ನೋಡುತ್ತಿದ್ದರೂ ಬಿಡದೆ ಅತ್ತರು.

ವಕೀಲೆ ದಾವೆ ಹೂಡಿದಳು. ನಾಲ್ಕು ತಿಂಗಳಾದ ಮೇಲೆ ರಾಜಿ ಮಾತುಕತೆಗೆ ಕರೆ ಬಂತು. ಉದ್ದನೆಯ ಮೇಜು, ಹಬೆ ಹಿಡಿದ ಕಿಟಕಿ, ಮಧ್ಯಸ್ಥಗಾರರ ಮುಂದೆ ಫೈಲುಗಳು. ವ್ಯಾನಿನ ಡ್ರೈವರ್ ಮೂಲೆಯಲ್ಲಿ ಬೆರಳು ಹೆಣೆದುಕೊಂಡು ಕೂತಿದ್ದ. ಕಂಪನಿಯ ವಕೀಲರು ಕೆಂಪು ದೀಪದ ಕಥೆ ಶುರುಮಾಡಿ ಎರಡು ಮಾತಾಡಿರಲಿಲ್ಲ, ಅವನು ಎದ್ದು ನಿಂತ.

"ಸಾರ್, ನಾನೊಂದು ಮಾತು ಹೇಳ್ಲಾ?"

"ನೀನು ಸುಮ್ನಿರಪ್ಪ" ಎಂದರು ಕಂಪನಿಯ ವಕೀಲರು.

"ಇಲ್ಲ ಸಾರ್, ಹೇಳ್ಬಿಡ್ತೀನಿ. ಪಕ್ಕದ ಬಸ್ಸು ನಿಂತೇ ಇತ್ತು. ಯಾಕೆ ನಿಂತಿದೆ ಅಂತ ನಾನು ಯೋಚನೆ ಮಾಡ್ಲಿಲ್ಲ. ನನಗೆ ಹಸಿರು ಬಂತು, ಹೊರಟ್ಬಿಟ್ಟೆ. ಈಯಮ್ಮ ನುಗ್ಗಿ ಬಂದವ್ರಲ್ಲ, ನಡ್ಕೊಂಡು ಹೋಗ್ತಿದ್ರು."

ಕಂಪನಿಯ ವಕೀಲರು ಪೆನ್ನಿನ ಟೋಪಿ ಮುಚ್ಚಿದರು. ಊಟದ ಹೊತ್ತಿಗೆ ಎಲ್ಲ ಇತ್ಯರ್ಥವಾಯಿತು: ಆಸ್ಪತ್ರೆಯ ಪೂರ್ತಿ ಖರ್ಚು, ಕೆಲಸ ಬಿಟ್ಟ ತಿಂಗಳುಗಳ ಸಂಪಾದನೆ, ಪ್ಲೇಟು ತೆಗೆಸುವ ಮುಂದಿನ ಆಪರೇಷನ್ನು. ಈ ಸಲ ಕಾಗದವನ್ನು ನಾದಿನಿ ಎರಡು ಸಲ ಗಟ್ಟಿಯಾಗಿ ಓದಿದ ಮೇಲೆಯೇ ಟೇಪಕ್ಕ ಸೈನ್ ಹಾಕಿದ್ದು.

ಹೊರಗೆ ಡ್ರೈವರ್ ಕಾಯುತ್ತಿದ್ದ.

"ಕೆಲಸ ಇದೆಯೇನಪ್ಪ?" ಎಂದು ಟೇಪಕ್ಕ ಮೊದಲು ಕೇಳಿದರು.

"ಇದೆ ಅಮ್ಮ, ಗೋಡೌನಿಗೆ ಹಾಕಿದ್ದಾರೆ. ಸ್ಟಿಯರಿಂಗ್ ಮುಟ್ಟೋಕೆ ನನಗೂ ಧೈರ್ಯ ಇಲ್ಲ." ಕೈ ಮುಗಿದು, "ಆವತ್ತಿಂದ ಅನ್ನ ಸೇರ್ತಿರ್ಲಿಲ್ಲ, ಇವತ್ತು ಹೊಟ್ಟೆ ತುಂಬ ಉಣ್ತೀನಿ" ಎಂದ.

ಅವನು ಹೋದದ್ದೇ ತಡ, ನಾದಿನಿ ಆ ಕಟ್ಟಡದ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅತ್ತಿಗೆ, ಬಯ್ಯಬೇಡ. ಆವತ್ತು ಊಟ ಆರತ್ತೆ, ಬೇಗ ಬಾ ಅಂತ ಹೇಳೋಕೆ ನಾಲ್ಕು ಸಲ ಫೋನ್ ಮಾಡಿದ್ದೆ. ನನ್ನ ಕಾಟ ತಡೀಲಾರದೆ ನೀನು ಅವಸರದಲ್ಲಿ ಹೊರಟೆ ಅನ್ಕೊಂಡಿದ್ದೆ. ಇಷ್ಟು ದಿನ ಅದನ್ನ ನುಂಗೋಕೂ ಆಗ್ಲಿಲ್ಲ, ಉಗುಳೋಕೂ ಆಗ್ಲಿಲ್ಲ."

ಟೇಪಕ್ಕ ಅವಳನ್ನೇ ಪಿಳಿಪಿಳಿ ನೋಡಿದರು. "ಫೋನಾ? ಅದು ಅಂಗಡೀಲೇ ಬಟ್ಟೆ ರಾಶಿ ಅಡಿ ಬಿದ್ದಿತ್ತಲ್ಲೇ ಹುಚ್ಚಿ! ಆಮೇಲೆ ಹುಡುಕಿ ತಂದಿದ್ದು ಪಕ್ಕದಂಗಡಿಯವರು. ನಾನು ಒಂದು ರಿಂಗೂ ಕೇಳಿಲ್ಲ."

ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಮೇಲೆ ಹತ್ತುವವರಿಗೆ ದಾರಿಯನ್ನೂ ಬಿಡದೆ ನಕ್ಕರು.

ವಕೀಲೆ ಅಳತೆಗಳನ್ನೆಲ್ಲ ಬರೆದು ನಗರಸಭೆಗೆ ಕೊಟ್ಟಿದ್ದಳು. ಎರಡು ತಿಂಗಳಲ್ಲಿ ಆ ಹಸಿರು ಇಪ್ಪತ್ತೈದು ಸೆಕೆಂಡಾಯಿತು. ಟೇಪಕ್ಕ ಈಗ ಎಡಗಾಲಲ್ಲಿ ಮಷಿನ್ ತುಳಿಯುವುದನ್ನು ಕಲಿತಿದ್ದಾರೆ. ಎರಡು ದಿನದ ಕೆಲಸಕ್ಕೆ ನಾಲ್ಕು ದಿನ ಹೇಳುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ರಸ್ತೆ ದಾಟುವಾಗ ಮಾತ್ರ ಮೊದಲ ಹಸಿರನ್ನು ಸುಮ್ಮನೆ ಹೋಗಲು ಬಿಟ್ಟು ಎರಡನೆಯದಕ್ಕೆ ಕಾಲಿಡುತ್ತಾರೆ. ಊಟ ಆರುತ್ತದೆಂದು ನಾದಿನಿ ಗೊಣಗುವುದು ನಿಂತಿಲ್ಲ. ಫೋನ್ ಮಾಡುವುದನ್ನಂತೂ ಬಿಟ್ಟಿದ್ದಾಳೆ.