ಮೈಲುತುತ್ತದ ಡ್ರಮ್ಮಿನಲ್ಲಿ ನೆನೆದ ಕಲ್ಲು

ನಮ್ಮನೆಯವರ ಸಿಗಡಿಗಳನ್ನು ಕೊಂದವಳು ನಾನು. ಅವರಲ್ಲ. ಅವರ ಕೈಗುಣವಂತೂ ಅಲ್ಲವೇ ಅಲ್ಲ. ಇಷ್ಟು ಹೇಳುವುದಕ್ಕೆ ನನಗೆ ವರ್ಷಗಳೇ ಹಿಡಿದವು — ಬೆಳಗಾದರೆ ಊರವರ ಮಾತಿಗೆಲ್ಲ ಬಾಯಿ ಹಾಕುವ ನನಗೆ!

ಕೊಪ್ಪದ ಪೇಟೆಯಲ್ಲಿ ನನ್ನದೊಂದು ಅಂಗಡಿಯಿದೆ. ಅಡಿಕೆಗೆ ಔಷಧಿ ಹೊಡೆಯುವ ಪಂಪು, ಪೈಪು, ಸುಣ್ಣ, ಮೈಲುತುತ್ತ ಮಾರುತ್ತೇನೆ. ಔಷಧಿ ಕಲಸುವ ಡ್ರಮ್ಮುಗಳನ್ನು ಬಾಡಿಗೆಗೂ ಕೊಡುತ್ತೇನೆ. ಗಂಡ ವಾಸುದೇವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರು, ಗಂಗೊಳ್ಳಿ ಕಡೆಯವರು. ನಮ್ಮ ಮದುವೆಯಲ್ಲಿ ಘಟ್ಟ ಹತ್ತಿ ಬಂದದ್ದು ಹೆಣ್ಣಲ್ಲ, ಗಂಡು ಎಂದು ನನ್ನ ಚಿಕ್ಕಮ್ಮಂದಿರು ಈಗಲೂ ನಗಾಡುತ್ತಾರೆ. ಮಾತು ಕಡಿಮೆಯ ಮನುಷ್ಯ. ನಾನು ಎರಡೂ ಪಾಲು ಮಾತಾಡಿ ಸರಿದೂಗಿಸುತ್ತೇನೆ.

ಅವರ ಕೈಗೆ ಸುತ್ತಲ ಊರುಗಳಲ್ಲಿ ಒಂದು ಹೆಸರಿತ್ತು. ಅವರು ಊರಿದ ಬಳ್ಳಿ ಹಿಡಿಯದೆ ಇರುವುದಿಲ್ಲ ಎಂದು. ಮಳೆ ಶುರುವಾಗಿ ಮೆಣಸಿನ ಬಳ್ಳಿ ಊರುವ ಕಾಲ ಬಂತೆಂದರೆ ಹಿರೇಕೊಡಿಗೆಯಿಂದ, ಕಮ್ಮರಡಿಯಿಂದ ಜನ ಬರುತ್ತಿದ್ದರು. ಮೊದಲನೆಯ ಬಳ್ಳಿ ಮಾಸ್ಟರ ಕೈಯಿಂದಲೇ ಆಗಬೇಕು. "ಒಂದೇ ಒಂದು ಬಳ್ಳಿ ಊರಿ ಬನ್ನಿ ಮಾರಾಯ್ರೆ, ಬಾಕಿದ್ದು ನಾವು ನೋಡ್ಕಳ್ತೀವಿ" ಎನ್ನುತ್ತ ಕಮ್ಮರಡಿಯ ಸೀತಾರಾಮಣ್ಣ ಜೀಪು ತಂದೇ ಕರೆದೊಯ್ಯುತ್ತಿದ್ದ. ಹೋಗಿ ಬಂದ ದಿನ ಇವರ ಮುಖ ನೋಡಬೇಕಿತ್ತು. ಘಟ್ಟದ ಮೇಲೆ ಅವರನ್ನು ನಮ್ಮವರು ಎನ್ನಿಸಿದ್ದು ನಾನಲ್ಲ, ಆ ಬಳ್ಳಿಗಳು.

ಆದರೂ ಸಮುದ್ರ ಬಿಟ್ಟಿರಲಿಲ್ಲ ಅವರನ್ನು. ಒಂದು ದಿನ ಜಗುಲಿಯಲ್ಲಿ ದೊಡ್ಡ ಗಾಜಿನ ತೊಟ್ಟಿ ಬಂದು ಕೂತಿತು. ಉಪ್ಪುನೀರಿನ ಅಕ್ವೇರಿಯಂ! ಕೊಪ್ಪದಲ್ಲಿ ಸಮುದ್ರ! ನನಗೂ ಒಳಗೊಳಗೇ ಹೆಮ್ಮೆಯಾಯಿತು, ಬಾಯಲ್ಲಿ ಮಾತ್ರ ಬೈದೆ. ಆಮೇಲೆ ಮಂಗಳೂರಿನಿಂದ ಪೆಟ್ಟಿಗೆಯಲ್ಲಿ ಕಲ್ಲು ಬಂತು — ಬಿಳಿಚಿಕೊಂಡ, ಮೈಯೆಲ್ಲ ತೂತಿನ ಒಣಕಲ್ಲು. ಅದನ್ನು ಹಾಗೇ ತೊಟ್ಟಿಗೆ ಹಾಕುವಂತಿಲ್ಲವಂತೆ. ಬ್ರಷ್ಷಿನಲ್ಲಿ ಉಜ್ಜಬೇಕು, ಸಿಹಿನೀರಿನಲ್ಲಿ ನೆನೆಸಿ ನೆನೆಸಿ ಒಳಗಿನ ಕೊಳೆ ಬಿಡಿಸಬೇಕು, ಆಮೇಲೆ ಉಪ್ಪುನೀರಿನಲ್ಲಿ ಮುಳುಗಿಸಿ, ಕತ್ತಲಲ್ಲಿಟ್ಟು, ಪಂಪಿನಿಂದ ನೀರು ತಿರುಗಿಸುತ್ತಿರಬೇಕು. ಕಣ್ಣಿಗೆ ಕಾಣದ ಜೀವಾಣುಗಳು ಆ ತೂತುಗಳಲ್ಲಿ ಮನೆ ಮಾಡುತ್ತವಂತೆ. ಮೀನಿನ ಹೊಲಸನ್ನೆಲ್ಲ ಅರಗಿಸುವುದು ಅವೇ. "ಈ ಕಲ್ಲೇ ತೊಟ್ಟಿಯ ಹೊಟ್ಟೆ ಮಾರಾಯ್ತಿ. ಇದು ಕೆಟ್ರೆ ಎಲ್ಲ ಕೆಟ್ಟ ಹಾಗೆ" ಎಂದಿದ್ದರು.

ಅಷ್ಟರಲ್ಲಿ ಅವರಿಗೆ ನರಸಿಂಹರಾಜಪುರದಲ್ಲಿ ಏನೋ ತರಬೇತಿ. ಹೋಗುವಾಗ ಹೊಸ ಟಬ್ಬೊಂದನ್ನು ತೋರಿಸಿ, "ಇದರಲ್ಲೇ ನೆನೆಸು, ಬೇರೆ ಯಾವುದೂ ಬೇಡ" ಎಂದು ಹೇಳಿಯೇ ಹೋದರು. ಹೇಳಲಿಲ್ಲ ಅನ್ನುವ ಹಾಗಿಲ್ಲ. ಆದರೆ ದೊಡ್ಡ ಕಲ್ಲು ಟಬ್ಬಿನಲ್ಲಿ ಅರ್ಧವೂ ಮುಳುಗಲಿಲ್ಲ. ನನ್ನದೋ ಒಂದು ಕೆಲಸ ಕೈಗೆ ಬಂದರೆ ಕಾಯುವ ಜಾಯಮಾನವಲ್ಲ. ಗೋದಾಮಿನಲ್ಲಿ ಡ್ರಮ್ಮುಗಳಿಗೆ ಏನು ಬರವೇ? ನಮ್ಮ ಕಡೆ ಡ್ರಮ್ಮು ಎಂದರೆ ಡ್ರಮ್ಮು — ಇವತ್ತು ಮೈಲುತುತ್ತ, ನಾಳೆ ಗೊಬ್ಬರದ ನೀರು, ನಾಡಿದ್ದು ತೊಳೆದು ಮದುವೆಮನೆಯಲ್ಲಿ ಕೈ ತೊಳೆಯುವ ನೀರಿಗೆ. ಅಂಥದೊಂದನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ, ನೀರು ತುಂಬಿದೆ, ಕಲ್ಲು ಬಿಟ್ಟೆ. ಅವರು ಬರುವಷ್ಟರಲ್ಲಿ ಕಲ್ಲನ್ನು ಟಬ್ಬಿಗೆ ವರ್ಗಾಯಿಸಿಯೂ ಇಟ್ಟೆ. ಎಷ್ಟು ಜಾಣೆ ನೋಡಿ!

ತೊಟ್ಟಿ ತುಂಬಿತು. ಕಲ್ಲು ಕೂತಿತು. ಎರಡು ಕಿತ್ತಳೆ ಬಣ್ಣದ ಮೀನು ಬಂದವು. ಅವಕ್ಕೆ ಏನೂ ಆಗಲಿಲ್ಲ. ಆಮೇಲೆ ಅವರು ಆಸೆಪಟ್ಟು ಕೆಂಪು ಪಟ್ಟೆಯ ಸಿಗಡಿಗಳನ್ನೂ ಪುಟ್ಟ ಶಂಖದ ಹುಳುಗಳನ್ನೂ ತಂದರು. ಮರುದಿನ ನೋಡಿದರೆ ಸಿಗಡಿಗಳೆಲ್ಲ ಅಡಿಮೇಲಾಗಿ ಬಿದ್ದಿವೆ, ಶಂಖಗಳು ಗಾಜು ಬಿಟ್ಟು ಉದುರಿವೆ. ಇವರು ನೀರಿನ ಉಪ್ಪು ನೋಡಿದರು, ಹೊಲಸಿನಿಂದ ಹುಟ್ಟುವ ಅಮೋನಿಯಾ ನೋಡಿದರು, ಎಲ್ಲ ಸರಿ. "ಎಂತ ಮಾಡಿದೆ ನಾನು? ಎಲ್ಲಿ ತಪ್ಪಿದೆ?" ಎಂದು ತಮಗೆ ತಾವೇ ಕೇಳಿಕೊಳ್ಳುತ್ತಿದ್ದರು.

ನಾನು ಗೋದಾಮಿಗೆ ಹೋಗಿ ಆ ಡ್ರಮ್ಮನ್ನು ಮಗುಚಿ ನೋಡಿದೆ. ತಳದ ಅಂಚಿನಲ್ಲಿ ನೀಲಿ ಗಟ್ಟಿಯಾಗಿ ಹಾಗೇ ಕೂತಿತ್ತು. ಮೈಲುತುತ್ತ ಎಂದರೆ ತಾಮ್ರ. ಗಿರಾಕಿಗಳಿಗೆ ದಿನಾ ಹೇಳುವವಳು ನಾನೇ — "ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ಬಿಡಬೇಡಿ ಮಾರಾಯ್ರೆ, ಮೀನು ತಡ್ಕೊಂಡ್ರೂ ಏಡಿ, ಸಿಗಡಿ ಒಂದೂ ಉಳಿಯಲ್ಲ." ಆ ತೂತಿನ ಕಲ್ಲು ತಾಮ್ರವನ್ನು ಕುಡಿದುಕೊಂಡು ಕೂತಿತ್ತು. ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಯಾವತ್ತೂ ಹೇಳಲಾರೆ.

ಜಗುಲಿಗೆ ಬಂದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಹೇಳಬಹುದಿತ್ತು — ಒಂದು ವಾಕ್ಯ, ಅಷ್ಟೇ. ಅಂಗಡಿಯ ಯಜಮಾನಿ, ಎಲ್ಲ ಬಲ್ಲವಳು, ಹೇಳಿದ್ದನ್ನು ಕೇಳದೆ ಎಡವಟ್ಟು ಮಾಡಿದಳು ಎಂದು ಆಗಬಾರದಲ್ಲ... ನನ್ನ ಬಾಯಿಂದ ಬಂದದ್ದು ಇದು:

"ನಿಮ್ಮ ಕೈಗುಣ ಮುಗೀತು ಅಂತ ಕಾಣ್ತದೆ."

ಅವರು ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. ಮೀನುಗಳನ್ನು ಶೃಂಗೇರಿಯ ಸ್ನೇಹಿತರೊಬ್ಬರಿಗೆ ಕೊಟ್ಟು, ನೀರು ಚೆಲ್ಲಿ, ಕಲ್ಲನ್ನು ಗೋಣಿಚೀಲದಲ್ಲಿ ಕಟ್ಟಿಟ್ಟರು.

ಮುಂದಿನ ಮಳೆಗಾಲ ಸೀತಾರಾಮಣ್ಣನ ಜೀಪು ಬಂತು. "ಬೇಡ ಸೀತಾರಾಮ, ನನ್ನ ಕೈ ಈಗ ಸರಿ ಇಲ್ಲ. ನಿನ್ನ ತೋಟ ಯಾಕೆ ಹಾಳಾಗಬೇಕು?" ಎಂದರು ಇವರು. ಸೀತಾರಾಮಣ್ಣ ನಕ್ಕ, ಬೈದ, ಕೈ ಹಿಡಿದು ಎಳೆದ. ಇವರು ಏಳಲಿಲ್ಲ. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು. ಅದರ ಮುಂದಿನ ವರ್ಷವೂ ಹಾಗೇ. ಆಮೇಲೆ ಜೀಪು ಬರುವುದು ನಿಂತಿತು. ಥೂ, ನನ್ನ ನಾಲಗೆಯೇ!

ಮೊನ್ನೆ ಬೇಸಿಗೆ ರಜೆಯಲ್ಲಿ ಅವರು ಆ ಗೋಣಿಚೀಲ ಬಿಚ್ಚಿದರು. ಅದೇ ಕಲ್ಲು. "ಇದೊಂದು ಸಲ ಕಾಣುವ. ಈ ಸಲವೂ ಸತ್ರೆ ನನ್ನ ಕೈ ಹೌದು ಅಂತ ಖಾತ್ರಿಯಾಯ್ತಲ್ಲ, ಮತ್ತೆ ಯಾವುದನ್ನೂ ಮುಟ್ಟೂದಿಲ್ಲ" ಎಂದರು. ನಗುತ್ತಲೇ ಹೇಳಿದರು. ಈ ಕಲ್ಲು ಹಾಕಿದರೆ ಸಿಗಡಿ ಸಾಯುವುದು ಖಂಡಿತ. ಚೀಲವನ್ನೇ ಎಲ್ಲಾದರೂ ಎಸೆದು ಕಳ್ಳರು ಒಯ್ದರು ಎನ್ನಲೇ ಎಂದೂ ಯೋಚಿಸಿದೆ — ಅಂಥವಳು ನಾನು. ಕಳ್ಳರು ಕಲ್ಲು ಒಯ್ಯುತ್ತಾರೆಯೇ! ಕೊನೆಗೆ ಅವರ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಡ್ರಮ್ಮು, ಹುಣಸೆಹಣ್ಣು, ನೀಲಿ. ಗೊತ್ತಿದ್ದೂ ಆಡಿದ ಆ ಮಾತು.

ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಅಂಥ ಸಿಟ್ಟು ನೋಡಿರಲಿಲ್ಲ. "ಸಿಗಡಿ ಹೋಗ್ಲಿ ಮಾರಾಯ್ತಿ, ಅದು ತಪ್ಪು, ಯಾರಿಗಾದ್ರೂ ಆಗ್ತದೆ. ಆದ್ರೆ ಸೀತಾರಾಮ ಬಂದಾಗ ನೀ ಒಳಗೇ ಇದ್ದಿಯಲ್ಲ!" ಹೊರಗೆ ಹೋದರು, ಬಹಳ ಹೊತ್ತಿನ ಮೇಲೆ ಬಂದರು. ಬಾಗಿಲಲ್ಲಿ ನಿಂತು ಕೇಳಿದರು: "ಹಾಗಾದ್ರೆ... ನನ್ನ ಕೈ ಸರಿಯೇ ಇತ್ತಾ?"

"ಸರಿಯೇ ಇತ್ತು" ಎಂದು ಹೇಳಿ ಗಟ್ಟಿಯಾಗಿ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಹಳೆಯ ಕಲ್ಲಿನ ಒಂದು ತುಂಡನ್ನು ಶುದ್ಧ ನೀರಿನಲ್ಲಿ ನೆನೆಸಿಟ್ಟು, ತಾಮ್ರ ಪರೀಕ್ಷಿಸುವ ಕಿಟ್ ತರಿಸಿ ಹನಿ ಬಿಟ್ಟರು. ಬಣ್ಣ ತಿರುಗಿತು, ತಾಮ್ರ ಇದ್ದದ್ದು ಹೌದು. ಆ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದರು, ರ‍್ಯಾಂಕ್ ಬಂದ ಹುಡುಗನ ಹಾಗೆ ನಕ್ಕರು. ನನ್ನ ಪಾಪಕ್ಕೆ ಅಷ್ಟು ಚಂದದ ಬಣ್ಣವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹೊಸ ಒಣಕಲ್ಲು ಬಂತು, ಹೊಸ ಡ್ರಮ್ಮೂ ಬಂತು. ಈ ಸಲ ಎಲ್ಲವನ್ನೂ ಅವರೇ ಮಾಡಿದರು. ಉಜ್ಜಿದರು, ನೆನೆಸಿದರು, ನೀರು ಬದಲಿಸಿದರು. ಉಪ್ಪುನೀರಿನಲ್ಲಿ ಮುಳುಗಿಸಿ, ಕಂಬಳಿ ಮುಚ್ಚಿ, ಪಂಪು ತಿರುಗಿಸಿದರು. ನಾನು ಹತ್ತಿರ ಹೋದರೆ, "ಕೈ ಹಿಂದೆ ಕಟ್ಟಿಕೊಂಡು ನೋಡು" ಎಂಬ ಅಪ್ಪಣೆ. ನೋಡಿದೆ. ಅಮೋನಿಯಾ ಏರಿತು, ವಾರಗಳು ಕಳೆದಂತೆ ಇಳಿದು ಪೂರಾ ಇಲ್ಲವಾಯಿತು. ಕಲ್ಲು ಕೆಲಸಕ್ಕೆ ಹತ್ತಿತ್ತು! ಸಿಗಡಿಗಳು ಬಂದವು. ಮರುದಿನವೂ ಇದ್ದವು. ಅದರ ಮರುದಿನವೂ.

ಆಮೇಲೊಂದು ಬೆಳಿಗ್ಗೆ ಕಲ್ಲಿನ ಮೇಲೆ ಒಂದು ಸಿಗಡಿ ಅಲುಗಾಡದೆ ಬಿದ್ದಿತ್ತು. "ಅಯ್ಯೋ, ಸತ್ತೇಹೋಯ್ತು!" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದೆ. ಅವರು ಹಲ್ಲುಜ್ಜುತ್ತಿದ್ದವರು ಓಡಿ ಬಂದು ಬಗ್ಗಿ ನೋಡಿದರು. "ಸತ್ತದ್ದಲ್ಲ ಮಾರಾಯ್ತಿ, ಬೆಳೆದದ್ದು! ಚಿಪ್ಪು ಕಳಚಿದೆ. ಕಾಣು, ಅಸಲಿ ಅಲ್ಲಿ ಅಡಗಿ ಕೂತಿದೆ" ಎಂದರು. ಹೌದು, ಕಲ್ಲಿನ ಸಂದಿಯಲ್ಲಿ ಮೀಸೆ ಅಲ್ಲಾಡಿಸುತ್ತ ಕೂತಿತ್ತು, ಮೊದಲಿಗಿಂತ ದೊಡ್ಡದಾಗಿ, ಮೊದಲಿಗಿಂತ ಕೆಂಪಗೆ. ನನಗೆ ಕುಣಿಯುವಷ್ಟು ಖುಷಿಯಾಯಿತು. ಕುಣಿದೆ ಕೂಡ, ನೋಡಿದವರು ನೋಡಲಿ.

ಈಗ ನಮ್ಮ ಜಗುಲಿಗೆ ಜನವೋ ಜನ. ಶೃಂಗೇರಿಯಿಂದ ಬರುತ್ತಾರೆ, ನರಸಿಂಹರಾಜಪುರದಿಂದ ಬರುತ್ತಾರೆ, ಗಾಜಿಗೆ ಮೂಗು ಒತ್ತಿ ನಿಲ್ಲುತ್ತಾರೆ. ಕಳೆದ ವಾರ ಸೀತಾರಾಮಣ್ಣನೂ ಬಂದಿದ್ದ. ಸುತ್ತ ಅಷ್ಟು ಜನರಿರುವಾಗಲೇ ಕೇಳಿದ, "ಅಲ್ಲ ಮಾಸ್ಟ್ರೇ, ಆಗ ಎಲ್ಲ ಸತ್ವಲ್ಲ, ಅದು ಎಂತಕ್ಕೆ?"

ಇವರು ನನ್ನ ಕಡೆ ನೋಡಲೂ ಇಲ್ಲ. "ಏನೋ, ಆಗ ನೀರು ಸರಿ ಇರ್ಲಿಲ್ಲ" ಎಂದರು.

"ನೀರು ಸರಿ ಇತ್ತು ಸೀತಾರಾಮಣ್ಣ" ಎಂದೆ ನಾನು. "ಇವರ ಕೈಯೂ ಸರಿ ಇತ್ತು. ವಿಷದ ಡ್ರಮ್ಮಲ್ಲಿ ಕಲ್ಲು ನೆನೆಸಿದ್ದು ನಾನು. ಅದು ಗೊತ್ತಿದ್ದೂ ನೀವು ಬಂದಾಗ ಒಳಗೆ ಸುಮ್ಮನೆ ನಿಂತಿದ್ದವಳೂ ನಾನು."

ಇನ್ನು ಮುಂದೆ ಯಾರು ಕೇಳಿದರೂ ಇವರು ಬಾಯಿ ತೆರೆಯುವ ಮೊದಲು ನಾನೇ ಹೇಳುತ್ತೇನೆ.